ಒಡಿ ಎಂಬ ಲೆವೆಲ್ಲು

ಕಂಪ್ಯೂಟರ್ ಆಟದ ಆ ಲೆವೆಲ್ಲನ್ನು ಆಡಿದವರೆಲ್ಲ ಕಟ್ಟಿದವನಿಗೆ ಹಿಡಿಶಾಪ ಹಾಕಿಯೇ ಎದ್ದಿದ್ದರು. ಎರಡು ತಿಂಗಳಲ್ಲಿ ಮುನ್ನೂರು ಚಿಲ್ಲರೆ ಜನ ಕೈಹಾಕಿದರು, ಒಬ್ಬರೂ ದಾಟಲಿಲ್ಲ. ‘ಮೊಂಡ ಹಲ್ಲಿ’ ಎಂದು ಹೆಸರಿಟ್ಟುಕೊಂಡಿದ್ದವನು, ಇದು ಒಗಟಲ್ಲ, ಪುಕ್ಕಟೆ ಒದೆ ತಿನ್ನಿಸುವ ಯಂತ್ರ ಎಂದು ಬರೆದಿದ್ದ. ‘ಬಿಸಿಬೂದಿ’ ಎಂಬವಳು ತಾನು ಎಂಬತ್ತೆರಡು ಸಲ ಸತ್ತದ್ದನ್ನು ಪಟ್ಟಿ ಮಾಡಿದ್ದಳು: ಪೈಪಿನ ಏಟಿಗೆ ತಲೆ ಬಿರಿದು ಐವತ್ತು, ಗೇಟಿಗೆ ಮುಖ ಚಚ್ಚಿಸಿಕೊಂಡು ಇಪ್ಪತ್ತು, ಉಳಿದದ್ದು ಕುತ್ತಿಗೆ ಹಿಸುಕಿಸಿಕೊಂಡು. ಇನ್ನೊಬ್ಬನಂತೂ ಕಟ್ಟಿದವನ ಮನೆ ವಿಳಾಸ ಕೊಡಿ, ಒಗಟು ಅಲ್ಲೇ ಬಿಡಿಸುತ್ತೇನೆ ಎಂದಿದ್ದ.

ಆಟ ಹಳೆಯದು. ಕೋಟೆ, ಸುರಂಗ, ಬೀಗ, ಕೈಯಲ್ಲೊಂದು ಕಬ್ಬಿಣದ ಸಲಾಕೆ. ಮಡಕೆ ಒಡೆದರೆ ಒಳಗೆ ಬೀಗದ ಕೈ ಸಿಗುತ್ತದೆ, ಗೋಡೆ ಒಡೆದರೆ ಹಿಂದೆ ದಾರಿ. ತಯಾರಿಸಿದ ಕಂಪನಿ ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಹುಚ್ಚು ಬಿಡದ ಅಭಿಮಾನಿಗಳು ಮಾತ್ರ ತಾವೇ ಹೊಸ ಹೊಸ ಲೆವೆಲ್ಲು ಕಟ್ಟಿ ಗುಂಪಿನ ಪುಟಕ್ಕೆ ಹಾಕುತ್ತಿದ್ದರು. ಉಳಿದವರು ಆಡಿ, ಅನಿಸಿದ್ದನ್ನು ಕೆಳಗೆ ಬರೆಯುತ್ತಿದ್ದರು.

ಈ ಲೆವೆಲ್ಲಿನಲ್ಲಿ ಕೋಟೆಯೂ ಇಲ್ಲ, ಸುರಂಗವೂ ಇಲ್ಲ. ನಾಲ್ಕು ಕೋಣೆಯ ಒಂದು ಮನೆ, ಕೋಣೆಗೊಂದು ಕಬ್ಬಿಣದ ಗೇಟು. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಕುಳಿತಿರುತ್ತಾಳೆ. ಪೈಪು ಹಿಡಿದ ದಢೂತಿ ಗಂಡಸೊಬ್ಬ ಮನೆಯೆಲ್ಲ ತಿರುಗುತ್ತಿರುತ್ತಾನೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದೇ ಪದ: ಒಡಿ. ಸುಳಿವು ಅಂತ ಇದ್ದದ್ದು ಅಷ್ಟೇ. ಜನ ಒಡೆದರು. ಪಾತ್ರೆ, ಕನ್ನಡಿ, ಕಪಾಟು, ನೆಲದ ಹಾಸು, ಕೊನೆಗೆ ದೀಪ ಕೂಡ ಒಡೆದು ಕತ್ತಲಲ್ಲಿ ಸತ್ತರು. ಬಚ್ಚಲ ಕಿಟಕಿಯಿಂದ ನುಸುಳಿ ಬೀದಿಗೆ ಬಿದ್ದವರೂ ಇದ್ದರು. ಬಿದ್ದ ಮರುಗಳಿಗೆ ಮನೆಯೊಳಗಿಂದ ಆ ಹೆಂಗಸಿನ ಚೀರಾಟ ಶುರುವಾಗುತ್ತದೆ, ‘ನೀನು ಹೊರಗಿದ್ದೀಯ’ ಎಂಬ ಅಕ್ಷರ ಮೂಡುತ್ತದೆ, ಆಮೇಲೆ ಏನೂ ಇಲ್ಲ. ಗೆದ್ದೆವೋ ಸೋತೆವೋ ಹೇಳಪ್ಪಾ ಎಂದು ಜನ ಬಾಯಿಬಾಯಿ ಬಡಿದುಕೊಂಡು ಮೊದಲಿಂದ ಶುರು ಮಾಡುತ್ತಿದ್ದರು.

‘ತಾಮ್ರದಕ್ಕ ಎಲ್ಲಿ, ಅವಳನ್ನು ಕರೀರಿ’ ಎಂದು ಕೊನೆಗೆ ಯಾರೋ ಬರೆದರು.

ಅವಳು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸದವಳು, ಗುಂಪಿನಲ್ಲಿ ಆ ಹೆಸರು ಬಂದದ್ದು ಅದರಿಂದಲೇ. ಕರಕಲಾದ ಸುರುಳಿಯನ್ನು ಉಳಿಯಿಂದ ಕತ್ತರಿಸಿ ಕೀಳುವ ಮುಂಚೆ ಎಷ್ಟು ಸುತ್ತಿದೆ ಎಂದು ಎಣಿಸಬೇಕು. ಒಂದು ತಪ್ಪಿದರೂ ಮೋಟಾರು ಮತ್ತೆ ಸುಡುತ್ತದೆ. ಹತ್ತು ವರ್ಷದಲ್ಲಿ ಅವಳ ಎಣಿಕೆ ತಪ್ಪಿದ್ದಿಲ್ಲ. ಆಟವನ್ನೂ ಅವಳು ಹಾಗೇ ಬಿಚ್ಚುತ್ತಿದ್ದಳು: ಹೆಜ್ಜೆ ಎಣಿಸಿ, ಏಟು ಎಣಿಸಿ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಭಾನುವಾರ ಬೆಳಗ್ಗೆ ಕೂತಳು. ಮೊದಲ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಸತ್ತಳು. ಆ ಗಂಡಸು ಹೊಡೆಯುವ ರೀತಿಯೇ ಬೇರೆ ಇತ್ತು. ಬೇರೆ ಲೆವೆಲ್ಲಿನ ರಾಕ್ಷಸರು ಓಡಿ ಬಂದು ಕಚ್ಚುತ್ತಾರೆ, ಸಾಯಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇವನು ಮೊದಲು ಪೈಪನ್ನು ಗೇಟಿನ ಸರಳುಗಳ ಮೇಲೆ ಟರ್ರನೆ ಎಳೆಯುತ್ತಾನೆ. ಆಮೇಲೆ ನಿಧಾನವಾಗಿ ಬಂದು ಕೂದಲು ಹಿಡಿಯುತ್ತಾನೆ. ಮೊದಲ ಏಟು ಮೊಣಕಾಲಿಗೆ, ಓಡದ ಹಾಗೆ. ಎರಡನೆಯದು ಬೆನ್ನಿಗೆ. ತಲೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಆಟ ಅಂತ ಗೊತ್ತಿದ್ದೂ ಸರಳಿನ ಸದ್ದಾದಾಗಲೆಲ್ಲ ಅವಳ ಭುಜ ಕುಗ್ಗುತ್ತಿತ್ತು.

ಹದಿನೈದನೇ ಸಲ ಬಚ್ಚಲ ಕಿಟಕಿಗೆ ಹೋದಳು. ಕಿಟಕಿಗೆ ಐದು ಸರಳು, ಮೂರನೆಯದು ಮಾತ್ರ ಬುಡದಲ್ಲಿ ಗೇಣುದ್ದ ಕತ್ತರಿಸಿದ್ದು. ಅವಳು ಆಟ ನಿಲ್ಲಿಸಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಆ ಸರಳನ್ನು ಕತ್ತರಿಸಿದ್ದು ಅವಳೇ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಪ್ಪನ ವರ್ಕ್‌ಶಾಪಿನಿಂದ ಕದ್ದ ಗರಗಸದ ಬ್ಲೇಡಿನಿಂದ, ಹದಿನೇಳು ದಿನ ನಲ್ಲಿ ಬಿಟ್ಟುಕೊಂಡು ಆ ಸದ್ದಿನಲ್ಲಿ ಕೊಯ್ದಿದ್ದಳು.

ಅಪ್ಪ ಗೇಟು ಬೆಸುಗೆ ಹಾಕುವವನು. ಊರಿಗೆಲ್ಲ ಗೇಟು ಮಾಡಿ ಮಿಕ್ಕ ಕಬ್ಬಿಣವನ್ನೆಲ್ಲ ಮನೆಯೊಳಗೆ ತಂದು ನಿಲ್ಲಿಸಿದ್ದ. ಮುಂಬಾಗಿಲಿನ ಗ್ರಿಲ್ಲಿಗೆ ಬೀಗ ಯಾವಾಗಲೂ ಹೊರಮಗ್ಗುಲಿಗೆ. ತಾನು ಒಳಗಿದ್ದಾಗಲೂ ಸಣ್ಣ ಕಿಂಡಿಯಲ್ಲಿ ಕೈತೂರಿಸಿ ಹೊರಮಗ್ಗುಲಿಗೇ ಹಾಕುತ್ತಿದ್ದ. ಒಳಗಿದ್ದವರಿಗೆ ಬೀಗ ಮುಟ್ಟಲಿಕ್ಕೆ ಸಿಗುತ್ತಿತ್ತೇ ಹೊರತು ಒಡೆಯಲಿಕ್ಕೆ ಸಿಗುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂರುತ್ತಿದ್ದವಳು ಅವ್ವ. ಒಮ್ಮೆ ಪಕ್ಕದವರು ಪೊಲೀಸರನ್ನು ಕರೆಸಿದಾಗ, ಜಾರಿ ಬಿದ್ದೆ ಎಂದು ನಗುತ್ತ ನೀರು ಕೊಟ್ಟು ಕಳಿಸಿದವಳು. ಇವಳು ಕಿಟಕಿಯಿಂದ ಹೋದಾಗ ತಮ್ಮನಿಗೆ ಹನ್ನೆರಡು ವರ್ಷ. ಗೇಟಿನ ನಕ್ಷೆ ಬರೆಯಲಿಕ್ಕೆಂದು ಅಪ್ಪ ತಂದ ಕಂಪ್ಯೂಟರಿನಲ್ಲಿ, ಅವನು ಕೆಲಸಕ್ಕೆ ಹೋದಾಗ ಅಕ್ಕ ತಮ್ಮ ಇಬ್ಬರೂ ಸೇರಿ ಆಡುತ್ತಿದ್ದದ್ದು ಇದೇ ಆಟ.

ಹಾಗಾದರೆ ಕಟ್ಟಿದವನು ತಮ್ಮ. ಹನ್ನೊಂದು ವರ್ಷದಲ್ಲಿ ಅವಳು ಒಂದು ಸಲವೂ ಆ ಬೀದಿಗೆ ಹೋಗಿರಲಿಲ್ಲ. ಮೊದಮೊದಲು ಭಯ, ಆಮೇಲೆ ನಾಚಿಕೆ, ಆಮೇಲೆ ಅಭ್ಯಾಸ.

ಅವಳು ಕಿಟಕಿಯಿಂದ ಹಾರಲಿಲ್ಲ. ಆ ಚೀರಾಟ ಕೇಳುವ ಧೈರ್ಯ ಅವಳಿಗಿರಲಿಲ್ಲ. ತಿರುಗಿ ಒಳಗೆ ಬಂದು ಗೋಡೆಯ ಮೇಲಿನ ಪದವನ್ನು ನೋಡಿದಳು. ನೋಡಿದ್ದೇ ತಡ, ಜೋರಾಗಿ ನಕ್ಕುಬಿಟ್ಟಳು. ಅವರ ಅಪ್ಪನ ಬಾಯಿಗೆ ಹಕಾರ ಬರುತ್ತಿರಲಿಲ್ಲ. ಹಲ್ಲು ಅವನಿಗೆ ಅಲ್ಲು, ಹಾಲು ಆಲು, ಹೊಡಿ ಎಂದರೆ ಒಡಿ. ‘ಒಡಿದ್ರೆ ಅಲ್ಲು ಉದುರ್ಬೇಕು’ ಎಂದು ಅವನು ಕೂಗಿದಾಗ ಮಕ್ಕಳಿಬ್ಬರೂ ಏಟು ತಿನ್ನುತ್ತಲೇ ನಗು ನುಂಗಿದ್ದುಂಟು. ಮುನ್ನೂರು ದಡ್ಡರು ಪಾತ್ರೆ ಪರಡಿ ಒಡೆದು ಸತ್ತರು. ಆ ಮನೆಯ ಭಾಷೆ ಗೊತ್ತಿದ್ದವಳು ಇವಳೊಬ್ಬಳೇ.

ಪೈಪು ಹಿಡಿದ ಆ ಗಂಡಸನ್ನು ಹೊಡೆದರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ ಅಂತಲ್ಲ. ಒಂದೇಟು ಹಾಕಿದವರನ್ನು ಅವನು ಅಲ್ಲೇ ಜಜ್ಜಿ ಹಾಕಿದ್ದ. ಆದರೆ ಅವನು ಒಂದು ಹೊತ್ತಿನಲ್ಲಿ ಬಚ್ಚಲಿಗೆ ಬಂದು ಮುಖ ತೊಳೆಯಲು ಬಗ್ಗುತ್ತಾನೆ, ಪೈಪನ್ನು ಗೋಡೆಗೆ ಒರಗಿಸಿಟ್ಟು. ಅವಳು ಬಾಗಿಲ ಸಂದಿಯಲ್ಲಿ ಕಾದು ಸಲಾಕೆ ಎತ್ತಿ ತಲೆಯ ಹಿಂದಕ್ಕೆ ಬೀಸಿದಳು. ರಕ್ತ ಕಲ್ಲಿನ ಮೇಲೆ ಚಿಮ್ಮಿತು. ನಾಲ್ಕಕ್ಕೆ ನಿಲ್ಲಿಸಿದಳು, ಅವನು ಎದ್ದು ಅವಳನ್ನು ಕೊಂದ. ಮತ್ತೆ ಬಂದು ಏಳಕ್ಕೆ ನಿಲ್ಲಿಸಿದಳು, ಆಗಲೂ ಎದ್ದ. ಮೂರನೇ ಸಲ ಅವಳು ಹಲ್ಲು ಕಚ್ಚಿ, ಬಾಯಿಗೆ ಬಂದ ಬೈಗುಳವೆಲ್ಲ ಬೈಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಬಡಿದಳು. ಒಂಬತ್ತನೆಯದಕ್ಕೆ ತಲೆ ಮಡಕೆಯ ಹಾಗೆ ಬಿಚ್ಚಿಕೊಂಡಿತು. ಗೇಟುಗಳು ಒಂದೊಂದೇ ತೆರೆದವು. ಅಡುಗೆಮನೆಯ ಹೆಂಗಸು ಎದ್ದು ನಿಂತಳು.

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹನ್ನೊಂದು ವರ್ಷದಿಂದ ಎಲ್ಲೋ ಕೂತಿದ್ದ ಕಲ್ಲೊಂದು ಕರಗಿತು ಎಂದೇ ಅವಳಿಗೆ ಅನಿಸಿತು.

ಬಿಸಿ ಆರುವ ಮುಂಚೆಯೇ ಪುಟಕ್ಕೆ ಬರೆದಳು. ಇಂಥ ಗಟ್ಟಿ ಲೆವೆಲ್ಲು ತಾನು ಆಡಿಲ್ಲ, ಕಟ್ಟಿದವನಿಗೆ ಶಹಭಾಸ್ ಎಂದು ಶುರುಮಾಡಿ ಗುಟ್ಟು ಬಿಚ್ಚಿದಳು. ಅದು ಒಡಿ ಅಲ್ಲ, ಹೊಡಿ. ಮುಖ ತೊಳೆಯಲು ಬಗ್ಗಿದಾಗ ಹಿಂದಿನಿಂದ ಹೊಡೀರಿ. ಒಂಬತ್ತು ಏಟು, ಎಣಿಸಿಕೊಂಡು. ಮಧ್ಯೆ ನಿಲ್ಲಿಸಿದರೆ ಎದ್ದುಬಿಡುತ್ತಾನೆ, ಕನಿಕರ ಬೇಡ. ಬೇರೆ ದಾರಿ ಹುಡುಕಬೇಡಿ, ಈ ಮನೆಗೆ ಬೇರೆ ದಾರಿಯೇ ಇಲ್ಲ. ಜನ ಹೋ ಎಂದರು, ಮೊಂಡ ಹಲ್ಲಿ ಸಾಷ್ಟಾಂಗ ಹಾಕಿದ. ಅವಳು ಮಾತ್ರ ಒಬ್ಬನೇ ಒಬ್ಬನ ಉತ್ತರಕ್ಕಾಗಿ ಸಂಜೆತನಕ ಕಾದಳು, ಅದು ಬರಲಿಲ್ಲ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬರೆದದ್ದಂತೂ ಆಡಿದ್ದಕ್ಕಿಂತ ದೂರ ಹೋಗುತ್ತದೆ.

ಸೋಮವಾರ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಸುರುಳಿಗೆ ವಾರ್ನಿಷ್ ಹಾಕಿ ಒಣಗಲಿಟ್ಟು, ಕೈ ಒರೆಸಿಕೊಂಡು ಫೋನು ನೋಡಿದಳು. ಕಟ್ಟಿದವನು ಬೆಳಗ್ಗೆ ಬರೆದಿದ್ದ.

‘ನೀನು ಅಕ್ಕ ಅಲ್ವಾ? ಒಡಿ ಅನ್ನೋದನ್ನ ಹೊಡಿ ಅಂತ ಓದೋರು ಬೇರೆ ಯಾರಿದ್ದಾರೆ. ನಾನು ಒಡಿ ಅಂತಾನೇ ಬರ್ದಿದ್ದೆ ಅಕ್ಕ. ಮೇಷ್ಟ್ರ ಹತ್ರ ಏಟು ತಿಂದು ಹಕಾರ ಕಲ್ತಿದೀನಿ ನಾನು. ಕಿಟಕಿಯಿಂದ ಹೊರಗೆ ಹೋದೋರು ಸುತ್ತಿ ಮುಂದಕ್ಕೆ ಬಂದು ಬೀಗ ಒಡೀಬೇಕು, ಹೊರಗಿಂದ. ಅಷ್ಟೇ ಇದ್ದದ್ದು. ಎರಡು ತಿಂಗಳಾಯ್ತು, ಹೊರಗೆ ಹೋದೋರು ಒಬ್ರೂ ತಿರುಗಿ ಬರ್ಲಿಲ್ಲ. ನೀನಾದ್ರೂ ಬರ್ತೀಯ ಅಂದ್ಕೊಂಡಿದ್ದೆ.’

ಒಂದು ಸಾಲು ಬಿಟ್ಟು ಮತ್ತೆ ಬರೆದಿತ್ತು.

‘ನೀನು ಹೋದ ದಿನ ನನ್ನ ಮಂಡಿ ಪುಡಿಯಾಯ್ತು, ಕಿಟಕಿ ಹತ್ತಕ್ಕಾಗಲ್ಲ. ಆಟದಲ್ಲಿ ಅವನು ಸತ್ರೂ ಗೇಟು ತೆರೆಯೋ ಹಾಗೆ ಮಾಡಿದ್ದೆ, ಸುಮ್ನೆ, ಸಿಟ್ಟಿಗೆ. ನಿಜಕ್ಕೂ ಹಾಗೆ ಮಾಡ್ಬೇಕು ಅಂತ ಇರ್ಲಿಲ್ಲ. ಈಗ ನೀನೇ ಹೇಳ್ತಿದೀಯ ಬೇರೆ ದಾರಿ ಇಲ್ಲ ಅಂತ. ನಿನ್ನ ಲೆಕ್ಕ ಯಾವತ್ತೂ ತಪ್ಪಲ್ಲ. ಅವನು ಮಧ್ಯಾಹ್ನ ಊಟಕ್ಕೆ ಬಂದಾಗ ಮುಖ ತೊಳೀತಾನೆ.’

‘ಬೇಡ, ಬರ್ತಿದೀನಿ’ ಎಂದು ಬರೆದಳು. ಓದಿದ ಗುರುತು ಬರಲಿಲ್ಲ. ಮಾಲೀಕನನ್ನು ಕೇಳದೆ ಅಂಗಡಿಯ ಸ್ಕೂಟರಿನ ಕೀಲಿ ಎತ್ತಿಕೊಂಡಳು, ಮೇಜಿನ ಮೇಲಿದ್ದ ಉಳಿ ಮತ್ತು ಸುತ್ತಿಗೆಯನ್ನೂ. ದಾರಿಯಲ್ಲಿ ಎರಡು ಕಡೆ ಕೆಂಪು ದೀಪ ಲೆಕ್ಕಿಸದೆ ನುಗ್ಗಿದಳು. ಯಾರಿಗೋ ಕನ್ನಡಿ ತಾಗಿತು, ಅವರು ಬೈದರು. ಅವಳು ಎಣಿಸುತ್ತಿದ್ದದ್ದು ನಿಮಿಷಗಳನ್ನು ಮಾತ್ರ.

ಮನೆ ಹಾಗೇ ಇತ್ತು, ಬಣ್ಣ ಮಾತ್ರ ಬದಲು. ಗ್ರಿಲ್ಲಿನ ಹೊರಮಗ್ಗುಲಿಗೆ ಬೀಗ ನೇತಾಡುತ್ತಿತ್ತು. ಒಳಗಿಂದ ದಪ್, ದಪ್ ಎಂದು ಸದ್ದು ಬರುತ್ತಿತ್ತು. ಅಪ್ಪ ಗೆದ್ದಿದ್ದಾನೆ, ತಮ್ಮನನ್ನು ಚಚ್ಚುತ್ತಿದ್ದಾನೆ ಎಂದೇ ಅವಳು ತಿಳಿದಳು. ಉಳಿಯನ್ನು ಕೊಂಡಿಗೆ ಇಟ್ಟು ಸುತ್ತಿಗೆ ಬೀಸಿದಳು. ಮೊದಲ ಏಟು ಜಾರಿ ಹೆಬ್ಬೆರಳಿಗೆ ಬಿತ್ತು, ಉಗುರು ಸೀಳಿತು. ಎರಡು, ಮೂರು. ನಾಲ್ಕನೆಯದಕ್ಕೆ ಬೀಗ ಬಾಯಿಬಿಟ್ಟು ಕಾಲ ಬಳಿ ಬಿತ್ತು.

ಬಚ್ಚಲಲ್ಲಿ ನಲ್ಲಿ ಹರಿಯುತ್ತಿತ್ತು. ಅಪ್ಪ ಕಲ್ಲಿನ ಮೇಲೆ ಬೋರಲು ಬಿದ್ದಿದ್ದ. ಕೂದಲು ನರೆತಿತ್ತು, ಮೈ ಅವಳ ನೆನಪಿನ ಅರ್ಧವೂ ಇರಲಿಲ್ಲ. ತಲೆಯ ಹಿಂಭಾಗ ಇದ್ದ ಜಾಗದಲ್ಲಿ ತಲೆ ಎನ್ನುವಂಥದ್ದು ಉಳಿದಿರಲಿಲ್ಲ. ಗಡ್ಡ ಬಿಟ್ಟ ಒಬ್ಬ ಗಂಡಸು, ಪಕ್ಕಕ್ಕೆ ಚಾಚಿದ ಸೊಟ್ಟ ಕಾಲಿನ ಮೇಲೆ ಭಾರ ಬೀಳದ ಹಾಗೆ ಗೋಡೆಗೆ ಆತು ನಿಂತು, ಎರಡೂ ಕೈಯಲ್ಲಿ ಸಲಾಕೆ ಎತ್ತಿದ್ದ. ಅವ್ವ ಹೊಸ್ತಿಲಲ್ಲಿ ಒಣ ಟವೆಲು ಹಿಡಿದು ನಿಂತಿದ್ದಳು, ಯಾರೋ ಈಗ ಕೇಳಬಹುದು ಎಂಬಂತೆ.

ಅವಳು ಓಡಿಹೋಗಿ ತಮ್ಮನ ಮಣಿಕಟ್ಟು ಹಿಡಿದಳು. ಅವನು ಅವಳ ಮುಖ ನೋಡಿದ. ಗುರುತು ಹಿಡಿದ, ಸಿಟ್ಟಿರಲಿಲ್ಲ.

“ಬಿಡು ಅಕ್ಕ,” ಎಂದ ಮೆಲ್ಲಗೆ. “ಆರೇ ಆಗಿರೋದು. ಇನ್ನೂ ಮೂರಿದೆ. ಮಧ್ಯೆ ನಿಲ್ಲಿಸಿದ್ರೆ ಎದ್ದುಬಿಡ್ತಾನೆ ಅಂತ ನೀನೇ ಬರ್ದಿದ್ಯಲ್ಲ.”

ಸಲಾಕೆಯನ್ನು ಅವನ ಕೈಯಿಂದ ಬಿಡಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಇಬ್ಬರೂ ಒದ್ದೆ ನೆಲದ ಮೇಲೆ ಕುಸಿದರು. ಅವ್ವ ಬಂದು ನಲ್ಲಿ ನಿಲ್ಲಿಸಿದಳು. ಬೀದಿಯಲ್ಲಿ ಜನ ಸೇರುವ ಸದ್ದು ಕೇಳುತ್ತಿತ್ತು, ಮುಂಬಾಗಿಲು ತೆರೆದೇ ಇತ್ತು. ಉಗುರು ಸೀಳಿದ ಹೆಬ್ಬೆರಳು ಈಗ ನೋಯಲು ಶುರುವಾಗಿತ್ತು. ಅವಳು ಅದನ್ನೇ ನೋಡುತ್ತ ಕುಳಿತಳು. ಬೀಗಕ್ಕೆ ಹಿಡಿದದ್ದು ನಾಲ್ಕು ಏಟು. ಹನ್ನೊಂದು ವರ್ಷದಲ್ಲಿ ಯಾವ ದಿನ ಬಂದಿದ್ದರೂ ನಾಲ್ಕೇ ಏಟು ಹಿಡಿಯುತ್ತಿತ್ತು.