ಹನ್ನೊಂದು ಸೆಕೆಂಡಿನ ವಿಡಿಯೋ

ಟಪ್ — ಚೆಂಡಲ್ಲ, ಮರದ ಕಾಯಿ, ಕಾರಿನ ನೆತ್ತಿಯ ಮೇಲೆ ಬಿದ್ದದ್ದು, ಮಲಯನಾಡಿನ ಈ ಮೆಲಾಕಾದ ಶಾಲೆಗಳಿಗೆ ಮೈದಾನದ ಪಕ್ಕ ಇಂಥದೊಂದು ಮಳೆಮರ ಇರಲೇಬೇಕು, ಮೆಡಿಕಲ್ ಕಾಲೇಜಿನ ಮೂಳೆ ಡಾಕ್ಟರ್ ನಿತ್ಯಾನಂದನಿಗೂ ಅದರ ಬುಡದಲ್ಲೇ ಕಾರು ನಿಲ್ಲಿಸಬೇಕು, ಆಮೇಲೆ ವಾರವಿಡೀ ಅಂಟು ಉಜ್ಜುತ್ತ ಮರಕ್ಕೆ ಬೈಯಬೇಕು, ಹಣೆಬರಹ — ಶನಿವಾರ, ಬೆಳಗಿನ ಏಳೂಕಾಲು, ಅಲ್ಲಿ ಮಗಳು ಶ್ರೀಯಾ ಒದ್ದೆ ಹುಲ್ಲಿನ ಮೇಲೆ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದಾಳೆ, ಬೇಸ್‌ಬಾಲಿನ ತಂಗಿಯಂಥ ಆಟ ಸಾಫ್ಟ್‌ಬಾಲ್, ಅದನ್ನು ಕಲಿಸುವ ಚಿಕ್ಗು ರೊಹಾಯಾ ಇನ್ನೂ ಬಂದಿಲ್ಲ, ಇಲ್ಲಿ ಟೀಚರುಗಳನ್ನೆಲ್ಲ ಚಿಕ್ಗು ಎನ್ನುವುದು, ಬಂದ ಕೂಡಲೇ ಕೇಳುತ್ತಾರೆ, ಡಾಕ್ಟರ್, ಫಾರ್ಮ್ ತಂದಿರಾ, ಇವತ್ತೇ ಕೊನೆ ದಿನ ಲಾ — ತಂದಿದ್ದಾನೆ, ಅಂಗಿಯ ಕಿಸೆಯಲ್ಲೇ ಇದೆ, ನಾಲ್ಕು ಮಡಿಕೆ, ಸಹಿಯ ಜಾಗ ಖಾಲಿ. ಸಹಿ ಬಿದ್ದರೆ ಹದಿನಾಲ್ಕು ವರ್ಷದ ಮಗಳು ಮೂರೂವರೆ ಗಂಟೆ ದೂರದ ಕ್ರೀಡಾ ಹಾಸ್ಟೆಲಿಗೆ, ಬೀಳದಿದ್ದರೆ ಮನೆಯಲ್ಲೇ, ಹೀಗೇ, ಶನಿವಾರ ಬೆಳಗ್ಗೆ ಅಪ್ಪನ ಕಾರಿನಲ್ಲಿ. ಪೆಥಾಲಜಿ ಕಲಿಸುವ ಸುಗಂಧಿ, ಅವನ ಹೆಂಡತಿ, ದೋಸೆ ಮಗುಚುತ್ತ ಹೇಳಿದ್ದು ಒಂದೇ ಮಾತು, ಅಲ್ಲ ಮಾರಾಯ್ರೆ, ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು, ಮೊದಲು ಅವಳನ್ನು ಕೇಳಿ. ಕೇಳಿದ, ಕೇಳದೆ ಇರುತ್ತಾನಾ, ಮೂರು ಸಲ ಕೇಳಿದ, ಮೂರು ಸಲವೂ ಒಂದೇ ಉತ್ತರ, ಅಪ್ ಟು ಯು ಲಾ ಪಪ್ಪ, ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅರ್ಧ, ಬಾಲಕ್ಕೆ ಇಲ್ಲಿಯವರ ಲಾ. ಅಪ್ ಟು ಯು ಎಂದರೆ ಎಂತ, ಹೋಗಬೇಕು ಅಂತಲೋ, ಬೇಡ ಅಂತಲೋ, ತಲೆಯೊಳಗೆ ಎಂತ ಓಡುತ್ತಿದೆ ಅಂತ ಸ್ಕ್ಯಾನ್ ಮಾಡಿ ನೋಡಲು ಒಂದು ಮಶೀನು ಇಲ್ಲವಲ್ಲ, ಮೂಳೆಗಾದರೆ ಉಂಟು.

ಫೋನ್ ಗುಂಯ್ ಎಂದಿತು, ಬೇಸ್‌ಬಾಲ್ ಹುಚ್ಚರ ಆನ್‌ಲೈನ್ ಫೋರಮ್ಮಿನದು, ಅಲ್ಲಿ ಬೆಂಕಿ ಹತ್ತಿದೆ, ಅಮೆರಿಕದಲ್ಲಿ ಸಂಜೆ ಆರಕ್ಕೆ ಬೇಸ್‌ಬಾಲ್ ಆಟಗಾರರ ಟ್ರೇಡಿನ, ಅಂದರೆ ತಂಡಗಳ ಅದಲುಬದಲಿನ, ಗಡುವು ಮುಗಿಯಿತು, ಅಂದರೆ ಇಲ್ಲಿಯ ಬೆಳಗಿನ ಆರು, ಅವನು ಹಲ್ಲುಜ್ಜುತ್ತಲೇ ನೋಡಿದ್ದ, ತಮ್ಮ ತಂಡ ಮೂವರು ಎಳೆಯರನ್ನು ಕೊಟ್ಟು ಮೂವತ್ತನಾಲ್ಕರ ಒಬ್ಬ ಪಿಚ್ಚರನ್ನು, ಚೆಂಡು ಎಸೆಯುವವನನ್ನು, ತಂದಿದೆ. ತಮ್ಮ ತಂಡ! ಮೊಣಕೈ ಲಿಗಮೆಂಟು ಹೊಲಿಯುವುದನ್ನು ಕಲಿಯಲು ಒಂದೇ ಒಂದು ವರ್ಷ ಅಮೆರಿಕದ ಆ ತಂಡದ ಊರಿನಲ್ಲಿದ್ದದ್ದು, ಹದಿನೇಳು ವರ್ಷವಾಯಿತು, ಇನ್ನೂ ಸೋತರೆ ಅವನಿಗೆ ತಿಂಡಿ ಸೇರುವುದಿಲ್ಲ. ಫೋರಮ್ಮಿನಲ್ಲಿ ಅವನು ಡಾಕ್ಟರ್ ಎಲ್ಬೋ, ಜನ ಕಿವಿಗೊಡುತ್ತಾರೆ, ದೊಡ್ಡ ತಂಡಗಳ ಕೆಳಗೆ ಸಣ್ಣ ಸಣ್ಣ ಊರುಗಳಲ್ಲಿ ಮೈನರ್ ಲೀಗಿನ ತಂಡಗಳಿರುತ್ತವಲ್ಲ, ಎಳೆಯರನ್ನು ಪಳಗಿಸುವ ಜಾಗ, ಅಲ್ಲಿಯ ಯಾವ ಹುಡುಗನ ಕೈ ಎಷ್ಟು ದಿನ ಬಾಳುತ್ತದೆ ಅಂತ ವಿಡಿಯೋ ನೋಡಿಯೇ ಹೇಳುತ್ತಾನೆ, ಅವನ ವಾದ ಯಾವತ್ತೂ ಒಂದೇ, ಎಳೆಯರನ್ನು ಕಟ್ಟಿಕೊಂಡು ಕೂರಬೇಡಿ, ನೂರರಲ್ಲಿ ತೊಂಬತ್ತು ಮಂದಿ ಮೇಲೆ ಬರುವುದಿಲ್ಲ, ಹೆಸರಿರುವಾಗಲೇ ಕೊಟ್ಟುಬಿಡಿ. ಕೊಟ್ಟುಬಿಡಿ — ಎಷ್ಟು ಸಲೀಸು, ಅತ್ತಿರಸ ತಟ್ಟೆಗೆ ಹಾಕಿದ ಹಾಗೆ. ಅಮೆರಿಕದಲ್ಲಿದ್ದ ಆ ವರ್ಷ ಒಬ್ಬ ಎಳೆಯ ಆಟಗಾರ ಆಪರೇಷನ್ನಿಗೆ ಬಂದಿದ್ದ, ಹತ್ತೊಂಬತ್ತೋ ಇಪ್ಪತ್ತೋ, ಮೇಜಿನ ಮೇಲೆ ಮಲಗಿ ಹೇಳಿದ್ದ, ನನ್ನನ್ನು ಬೇರೆ ತಂಡಕ್ಕೆ ಕೊಟ್ಟದ್ದು ಗೊತ್ತಾದದ್ದು ತಂಡದ ಬಸ್ಸಿನ ಡ್ರೈವರನಿಂದ, ನಿನ್ನನ್ನು ಕೇಳಲಿಲ್ಲವಾ ಎಂದರೆ ನಕ್ಕ, ಕೇಳುವುದುಂಟಾ ಡಾಕ್ಟರ್. ಅವನ ಹೆಸರು ಮರೆತಿದೆ, ಮೊಣಕೈ ನೆನಪಿದೆ.

ಆದರೂ ಎಂತ ಹುಚ್ಚು ಕೆಲಸ ಅದು, ಸುಗಂಧಿಗೆ ಗೊತ್ತಾದರೆ ಎರಡು ದಿನ ಮಾತಾಡಲಿಕ್ಕಿಲ್ಲ — ಮೊನ್ನೆ ಬುಧವಾರ ಕ್ಲಿನಿಕ್ಕಿನಲ್ಲಿ ಪೇಷಂಟ್ ಇಲ್ಲದ ಹೊತ್ತು, ಹೊಗಳುವುದಕ್ಕೆ ಇಲ್ಲಿ ಎಲ್ಲರೂ ಇದ್ದಾರೆ, ಚಿಕ್ಗು ಹೊಗಳುತ್ತಾರೆ, ಉಡುಪಿಯಿಂದ ಫೋನಿನಲ್ಲಿ ಅತ್ತೆ ಹೊಗಳುತ್ತಾರೆ, ನಿಜ ಹೇಳುವವರು ಯಾರು, ಅಂತ ಫೋರಮ್ಮಿನಲ್ಲಿ ಬರೆದೇಬಿಟ್ಟ, ಏಷ್ಯಾದ ಒಬ್ಬ ಎಳೆಯ ಪಿಚ್ಚರ್, ಬಲಗೈ, ವೇಗ ಇಷ್ಟು, ಗುರಿ ತಪ್ಪುವುದು ಇಷ್ಟು, ಇಟ್ಟುಕೊಳ್ಳಬೇಕೋ ಕಳಿಸಬೇಕೋ, ನೀವಾದರೆ ಎಂತ ಮಾಡುತ್ತೀರಿ. ಸ್ವಂತ ಮಗಳನ್ನು! ಕುತೂಹಲ, ಬರೀ ಕುತೂಹಲ. ಮುಗಿಬಿದ್ದರು, ಒಬ್ಬ ಎಂದ ಸಾಮಾನ್ಯ, ಒಬ್ಬ ಎಂದ ಈಗಲೇ ಸಾಗಹಾಕಿ, ಇನ್ನೊಬ್ಬ, ವಿಡಿಯೋ ಇಲ್ಲದೆ ಎಂತ ಹೇಳುವುದು. ಹಾಕಿದ, ಮುಖ ಕಾಣದ ಹಾಗೆ ಕತ್ತರಿಸಿ, ಭುಜದಿಂದ ಕೆಳಗೆ ಮಾತ್ರ, ಎರಡು ಎಸೆತ, ಹನ್ನೊಂದು ಸೆಕೆಂಡು — ಎಲಾ ಮೂರ್ಖಾ, ಸಾಫ್ಟ್‌ಬಾಲಿನಲ್ಲಿ ಕೈಯನ್ನು ಗಿರಕಿ ಹೊಡೆಸಿ ಸೊಂಟದ ಕೆಳಗಿಂದ ಎಸೆಯುವುದಲ್ಲವಾ, ಬೇಸ್‌ಬಾಲಿನವರಿಗೆ ಕಣ್ಣಿಲ್ಲವಾ, ಒಂದೇ ನಿಮಿಷದಲ್ಲಿ ನಗೆ, ಡಾಕ್ಟರ್, ಇದು ಹುಡುಗಿ, ಇದು ಸಾಫ್ಟ್‌ಬಾಲ್, ಯಾರ ಮಗು ಇದು. ಸ್ನೇಹಿತರ ಮಗು ಅಂತ ಬರೆದ. ನಗೆ ಮುಗಿದ ಮೇಲೆ ಯಾರೂ ತೀರ್ಪು ಕೊಡದೆ ಬಿಡಲಿಲ್ಲ, ಅಭಿಪ್ರಾಯ ಇಲ್ಲ ಎನ್ನುವ ಒಬ್ಬ ಅಭಿಮಾನಿಯನ್ನು ತೋರಿಸಿ ನೋಡುವ, ಆದರೆ ಐಯೋವಾದ ಮುದುಕ ಮಾತ್ರ ಮೂರು ದಿನ ಸುಮ್ಮನಿದ್ದ. ಇಪ್ಪತ್ತಾರು ವರ್ಷ ಸಣ್ಣ ಊರುಗಳ ಮೈದಾನ ಸುತ್ತಿ ತಂಡಗಳಿಗೆ ಆಟಗಾರರನ್ನು ಹುಡುಕಿಕೊಟ್ಟವನು, ಫೋರಮ್ಮಿನಲ್ಲಿ ನಿತ್ಯಾನಂದ ಹೆದರುವುದಿದ್ದರೆ ಅವನೊಬ್ಬನಿಗೆ, ಇದೀಗ ಗುಂಯ್ ಎಂದದ್ದು ಅವನದ್ದೇ.

ಮೊಣಕೈ ಚೆನ್ನಾಗಿದೆ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ಅಂತ ಶುರುಮಾಡಿದ್ದಾನೆ ಮುದುಕ, ನೀವು ಚೆಂಡಿನ ಕೈಯನ್ನೇ ನೋಡುತ್ತಿದ್ದೀರಿ ಡಾಕ್ಟರ್, ಇನ್ನೊಂದು ಕೈ ನೋಡಿ. ಎಸೆಯುವ ಮೊದಲು ಎಡಗೈಯ ಗ್ಲವ್ ಸ್ವಲ್ಪ ಕ್ಯಾಮೆರಾ ಕಡೆಗೆ ತಿರುಗುತ್ತದೆ, ಅರ್ಧ ಸೆಕೆಂಡು, ಎರಡು ಸಲವೂ. ಆ ಅರ್ಧ ಸೆಕೆಂಡಿನಲ್ಲಿ ವೇಗ ಸೋರಿಹೋಗುತ್ತದೆ. ಕ್ಯಾಮೆರಾ ಹಿಡಿದವರು ಯಾರು? ಯಾರೇ ಆಗಲಿ, ಅವರನ್ನು ಕಾಫಿ ಕುಡಿಯಲು ಕಳಿಸಿ, ಆಮೇಲೆ ನೋಡಿ ಬರೆಯಿರಿ.

ಯಾರೇ ಆಗಲಿ — ಕಿವಿ ಬಿಸಿಯಾಯಿತು, ಕಾರಿನೊಳಗೆ ಯಾರೂ ಇಲ್ಲ, ಆದರೂ. ವಿಡಿಯೋ ಹಾಕಿದ, ನಿಲ್ಲಿಸಿದ, ಹಿಂದೆ ತಂದ, ಹೌದಲ್ಲ, ಗ್ಲವ್ ತಿರುಗುತ್ತದೆ, ಬೊಗಸೆಯಷ್ಟು ತೆರೆದುಕೊಂಡು ಇತ್ತ ತಿರುಗುತ್ತದೆ, ಅವನತ್ತ, ನೂರು ಸಲ ನೋಡಿದ್ದಾನೆ, ಭುಜ ನೋಡಿದ್ದಾನೆ, ಮಣಿಕಟ್ಟು ನೋಡಿದ್ದಾನೆ, ಇದನ್ನು ನೋಡಿಲ್ಲ. ಎರಡು ವರ್ಷದಿಂದ ಅವಳ ಎಡಕ್ಕೆ, ಮೊದಲನೇ ಬೇಸಿನ ಬಲೆಯ ಪಕ್ಕ ಅದೇ ಜಾಗದಲ್ಲಿ ನಿಲ್ಲುವುದು, ಫೋನ್ ಹಿಡಿದು, ಚೆನ್ನಾಗಿದ್ದರೆ ತಲೆ ಆಡಿಸುವುದು, ಇಲ್ಲದಿದ್ದರೆ ಭುಜ ಮುಟ್ಟಿ ತೋರಿಸುವುದು, ಸಹಾಯ ಅಂತ ತಿಳಿದಿದ್ದ, ಹಾಗಾದರೆ ಅವಳು ಎಸೆಯುತ್ತಿದ್ದದ್ದು ಎದುರು ಕೂತು ಚೆಂಡು ಹಿಡಿಯುವ ಕ್ಯಾಚರಿಗೋ ಅಪ್ಪನಿಗೋ. ಚಿಕ್ಗುವಿನ ಸ್ಕೂಟರು ಬಂತು. ಹೋಗಿ ಹೇಳಿದ, ಮಾಮಕ್ ಅಂಗಡಿಗೆ ಹೋಗಿ ಒಂದು ಟೀ ಕುಡಿದು ಬರುತ್ತೇನೆ, ಫಾರ್ಮ್ ಆಮೇಲೆ ಕೊಡುತ್ತೇನೆ. ಶ್ರೀಯಾ ತಲೆ ಎತ್ತಿದಳು, ನೌ ಆ, ಯು ನಾಟ್ ವಾಚಿಂಗ್? ಅವನು ಇಲ್ಲ ಮಗಾ ಎಂದ, ತಪಾವ್ ಮಾಡಿ, ಅಂದರೆ ಕಟ್ಟಿಸಿ, ತರಲಾ ಏನಾದರೂ, ಬೇಡ ಎಂದು ತಲೆಯಾಡಿಸಿದಳು.

ಟೀ ಯಾರಿಗೆ ಬೇಕು, ಗೇಟಿನಿಂದ ಹೊರಗೆ ಹೋದ ಹಾಗೆ ಮಾಡಿ, ಐವತ್ತೊಂದು ವರ್ಷದ ಪ್ರೊಫೆಸರು, ಕಳ್ಳನ ಹಾಗೆ ಶಾಲೆಯ ಕ್ಯಾಂಟೀನಿನ ಹಿಂದಿನಿಂದ ನುಗ್ಗಿ, ಮೈದಾನದ ಕಡೆಯ ತೂತುಗೋಡೆಗೆ ಕಣ್ಣಿಟ್ಟು ನಿಂತಿದ್ದಾನೆ, ವಿದ್ಯಾರ್ಥಿಗಳು ನೋಡಿದರೆ ಮರ್ಯಾದೆ ಹೋಯಿತು. ಮೊದಲನೇ ಎಸೆತ, ಗ್ಲವ್ ತಿರುಗಿತು, ಬಲೆಯ ಪಕ್ಕದ ಖಾಲಿ ಜಾಗದತ್ತ, ತಿರುಗಿ ಅಲ್ಲೇ ನಿಂತಿತು, ಒಂದು ಸೆಕೆಂಡು, ಎರಡು — ಇಲ್ಲಿದ್ದೇನೆ ಮಗಾ ಅಂತ ಕೂಗಿಬಿಡುತ್ತಿದ್ದ, ತುಟಿ ಕಚ್ಚಿಕೊಂಡ — ಚೆಂಡು ಎಲ್ಲೋ ಹೋಯಿತು, ಕ್ಯಾಚರ್ ಓಡಿದಳು. ನೋಡಿದಿರಾ, ಅಪ್ಪ ಇಲ್ಲದಿದ್ದರೆ ಹೀಗೆ, ಅಂತ ಅವನೊಳಗೆ ಯಾರೋ ಖುಷಿಪಟ್ಟರು, ಛೆ, ಎಂತಹ ಮನುಷ್ಯ ನೀನು. ಎರಡನೆಯದಕ್ಕೂ ತಿರುಗಿತು, ಕಡಿಮೆ. ಮೂರನೆಯದು ನೆಲಕ್ಕೆ. ಶ್ರೀಯಾ ಜಡೆಯನ್ನು ಬೆನ್ನಿಗೆ ಎಸೆದು ಕಾಲಿನಿಂದ ಮಣ್ಣು ಕೆದಕಿದಳು, ನಿಂತಳು, ನಾಲ್ಕನೆಯದು — ಕೈ ಗಿರಕಿ ಹೊಡೆದದ್ದು ಕಾಣಲೇ ಇಲ್ಲ, ಚಟ್ ಎಂಬ ಸದ್ದು ಮಾತ್ರ, ಕ್ಯಾಚರ್ ಗ್ಲವ್ ಕಳಚಿ ಅಂಗೈ ಊದಿಕೊಂಡಳು, ಅಯ್ಯೋ ಅಂತ ಎಂತದ್ದೋ ಮಲಯ ಭಾಷೆಯಲ್ಲಿ ಕೂಗಿದಳು, ಆಗ ಶ್ರೀಯಾ ನಕ್ಕಳು. ಎರಡು ವರ್ಷದಲ್ಲಿ ಈ ಮೈದಾನದಲ್ಲಿ ಅವಳು ನಕ್ಕದ್ದನ್ನು ಅವನು ನೋಡಿಲ್ಲ, ಜೋರಾಗಿ, ಹೊಟ್ಟೆಯಿಂದ, ಇನ್ನೊಂದು ಎಸೆಯಲಾ ಅಂತ ಚೆಂಡಿಗೆ ಕೈ ಚಾಚುತ್ತ. ಅಪ್ ಟು ಯು ಲಾ ಪಪ್ಪ. ಓ, ಹೀಗಾ ಇದು, ಹೋಗಬೇಕು ಅಂತ ನನ್ನ ಎದುರು ಹೇಗೆ ಹೇಳಿಯಾಳು, ನನ್ನ ಮುಖ ನೋಡದೆ ಒಂದು ಚೆಂಡನ್ನೇ ಎಸೆಯಲಾರದವಳು. ಐದನೆಯದು, ಚಟ್. ಆರನೆಯದು, ಚಟ್. ಕಿಸೆಯಿಂದ ಫಾರ್ಮ್ ತೆಗೆದ, ಮಡಿಕೆ ಬಿಡಿಸಿದ, ಗೋಡೆಗೆ ಒತ್ತಿ ಸಹಿ ಹಾಕಿದ, ಪೆನ್ನು ಎರಡು ಕಡೆ ಕಾಗದ ತೂತು ಮಾಡಿತು, ಅಳು ಬರುತ್ತಿದೆ, ಬರಲಿ, ಇಲ್ಲಿ ಯಾರಿದ್ದಾರೆ ನೋಡಲಿಕ್ಕೆ, ಕಣ್ಣೊರೆಸಿಕೊಂಡು ಮತ್ತೆ ತೂತಿಗೆ ಮುಖ ಇಟ್ಟ, ಏಳನೆಯದು, ಅವಳು ಚೆಂಡು ಮರೆಮಾಡಿ ನಿಂತಿದ್ದಾಳೆ, ಎಡಗೈಯಲ್ಲಿ ಗ್ಲವ್, ಒಂದು ಸಲ ತಿರುಗಲಿ, ಇದೊಂದು ಸಲ, ಸ್ವಲ್ಪವೇ ಸಾಕು, ಅಂತ ಉಸಿರು ಹಿಡಿದು ನೋಡುತ್ತಿದ್ದಾನೆ, ಗ್ಲವ್ — ತಿರುಗಲಿಲ್ಲ.