ಗಿರಗಿಟ್ಲೆ ಮತ್ತು ಮೂರು ಸೊನ್ನೆ

ಇಪ್ಪತ್ತೆರಡು ವರ್ಷ ಒರೆಸಿ, ಎಣ್ಣೆ ಹಾಕಿ ಸಾಕಿದ ಗಿರಗಿಟ್ಲೆ ಗುಜರಿಗೆ ಹೋಗುವುದೋ ಉಳಿಯುವುದೋ ಅವತ್ತು ತೀರ್ಮಾನವಾಗಬೇಕಿತ್ತು. ಗಿರಗಿಟ್ಲೆ ಎಂದರೆ ಸಮುದ್ರದ ಸೆಳೆತ ಅಳೆಯುವ ಹಳೇ ಮೀಟರು. ನೀರು ಎಷ್ಟು ಜೋರೋ ಅದರ ಹಿತ್ತಾಳೆ ರೆಕ್ಕೆಯೂ ಅಷ್ಟು ಜೋರು. ಕಚೇರಿಯ ಮೆಕ್ಯಾನಿಕ್ ಅಕ್ಕನಿಗೆ ಅದು ಹೆತ್ತ ಮಗುವಿಗಿಂತ ಒಂದು ಗುಲಗಂಜಿ ಕಡಿಮೆ, ಅಷ್ಟೇ. ಸಾಹೇಬರು ಹೊಸದಾಗಿ ಎರಡು ಉಪಕರಣ ತರಿಸಿದ್ದರು: ಸದ್ದು ಕಳಿಸಿ ಮರುದನಿಯಿಂದ ವೇಗ ಹೇಳುವ ಡಬ್ಬಿ, ಸೆಳೆತಕ್ಕೆ ತಕ್ಕಂತೆ ವಾಲುವ ಕೋಲು. ಮೂರರಲ್ಲಿ ಯಾವುದು ಉಳಿದವುಗಳ ಜೊತೆ ಹೊಂದುವುದಿಲ್ಲವೋ ಅದು ಗುಜರಿಗೆ.

ದಡದ ಹತ್ತಿರ, ಎರಡಾಳು ಆಳದಲ್ಲಿ ದೋಣಿಗೆ ಲಂಗರು ಹಾಕಿ ಮೂರನ್ನೂ ಇಳಿಬಿಟ್ಟರು. ಡಬ್ಬಿ ನಲವತ್ತು ಎಂದಿತು, ಕೋಲು ಮೂವತ್ತೆಂಟು, ಗಿರಗಿಟ್ಲೆ ಐವತ್ತೈದು.

"ಅಕ್ಕಾ, ನಿನ್ ಕೂಸು ಸ್ವಲ್ಪ ಬಾಯಿಬಡುಕಿ ಕಣೆ," ಎಂದ ದೋಣಿ ನಡೆಸುವ ತಮ್ಮ.

"ನಿನ್ ಲಂಗರಿನ ಹಗ್ಗ ಅದರ ಮುಖಕ್ಕೇ ನೀರು ನೂಕ್ತಿದೆ ಕಣೋ! ಸಾರ್, ಈ ಹಗ್ಗ ಇದ್ರೆ ನ್ಯಾಯ ಸಿಗಲ್ಲ."

ಸಾಹೇಬರು ಅನ್ಯಾಯಕ್ಕೆ ಹೆದರುವ ಮನುಷ್ಯ. "ಎತ್ತಿಬಿಡಪ್ಪ," ಎಂದರು.

ಲಂಗರು ಮೇಲೆ ಬಂತು. ಐದು ನಿಮಿಷದಲ್ಲಿ ಗಿರಗಿಟ್ಲೆ ನಿಂತೇ ಹೋಯಿತು. ಸೊನ್ನೆ. ಅಕ್ಕ ಉಳಿದೆರಡರತ್ತ ಬಗ್ಗಿದಳು. ಆದರೆ ಡಬ್ಬಿಯೂ ಸೊನ್ನೆ, ಕೋಲೂ ನೆಟ್ಟಗೆ.

"ಮೂರೂ ಒಂದೇ! ನನ್ನ ಸರ್ವೀಸಲ್ಲೇ ಇಂಥ ಹೊಂದಾಣಿಕೆ ಕಂಡಿಲ್ಲ," ಎಂದು ಸಾಹೇಬರು ಕಣ್ಣೊರೆಸಿಕೊಂಡರು.

"ಸಾರ್, ನಾವು ನೀರಿನ ಜೊತೇನೇ ತೇಲ್ತಿದೀವಿ, ಅದಕ್ಕೇ ಸೊನ್ನೆ. ಎದುರಿಗಿದ್ದ ಲೈಟ್‌ಹೌಸ್ ಹಿಂದಕ್ಕೆ ಹೋಯ್ತು ನೋಡಿ!" ಎಂದ ತಮ್ಮ.

"ಮೂರು ಮೀಟರು ಸೇರ್ಕೊಂಡು ಸುಳ್ಳು ಹೇಳ್ತವೇನಯ್ಯ? ಲೈಟ್‌ಹೌಸೇ ಜರುಗಿರ್ಬೇಕು. ಆ ಇಲಾಖೆಗೆ ಒಂದು ಪತ್ರ ಹಾಕೋಣ."

ತಮ್ಮ, ಅಕ್ಕನ ಮುಖ ನೋಡಿದ. ತಮ್ಮ ಹೇಳುವುದೇ ನಿಜವೆಂದು ಅವಳಿಗೆ ಗೊತ್ತಿತ್ತು. ದಡ ತೆಂಗಿನ ಗರಿಯಷ್ಟು ಸಣ್ಣದಾಗಿತ್ತು.

"ಪತ್ರ ಆಮೇಲೆ ಸಾರ್. ಮೊದಲು ಈ ಫಲಿತಾಂಶ ಬರೆದು ಸಹಿ ಹಾಕಿ," ಎಂದು ಕಾಗದ, ಪೆನ್ನು ಕೊಟ್ಟಳು. 'ಮೂರೂ ಸಮಾನ, ಯಾವುದನ್ನೂ ಗುಜರಿಗೆ ಹಾಕತಕ್ಕದ್ದಲ್ಲ' ಎಂದು ಸಾಹೇಬರು ಬರೆದು ಸಹಿ ಮಾಡಿದರು. ಕಾಗದ ಮಡಚಿ ಚೀಲಕ್ಕೆ ತುರುಕಿದ ಮೇಲೆಯೇ ಅಕ್ಕ ಬಾಯಿಬಿಟ್ಟದ್ದು: "ಹಾಕೋ ಲಂಗರು! ಏನ್ ನೋಡ್ತಿದೀಯ?"

ಹಗ್ಗ ಬಿಗಿಯಾಯಿತು, ದೋಣಿ ಜಗ್ಗಿ ನಿಂತಿತು. ಡಬ್ಬಿ ನಲವತ್ತು, ಕೋಲು ಮೂವತ್ತೆಂಟು, ಗಿರಗಿಟ್ಲೆ ಮತ್ತೆ ಐವತ್ತೈದು.

ಸಾಹೇಬರು ಮೂರನ್ನೂ ನೋಡಿದರು. ಆಮೇಲೆ ಹಗ್ಗ ನೋಡಿದರು.

"ಅನ್ಯೋನ್ಯವಾಗಿದ್ದವು ಪಾಪ. ತಂದಿಡೋದು ಈ ಲಂಗರು ಕಣ್ರಿ. ಇದನ್ನ ನಾಳೆನೇ ಗುಜರಿಗೆ ಹಾಕಿ!"

"ಅಲ್ಲ ಸಾರ್, ನನ್ ದೋಣಿ..." ಎಂದು ತಮ್ಮ ಶುರುಮಾಡಿದ. ಅಕ್ಕ ಅವನತ್ತ ತಿರುಗಿಯೂ ನೋಡದೆ, ಗಿರಗಿಟ್ಲೆಯನ್ನು ಮೇಲೆತ್ತಿ ತೊಡೆಯ ಮೇಲಿಟ್ಟುಕೊಂಡು ಒರೆಸತೊಡಗಿದಳು.