ಕಿಲ್‌ಬ್ರೈಡಿನ ಕರಿ ಎಳ್ಳು

ಶವಪೆಟ್ಟಿಗೆಯತ್ತ ಚಾಚಿದ್ದ ಇಂಗ್ರಿಡ್‌ಳ ಮಣಿಕಟ್ಟನ್ನು ಮಾಲತಿ ಹಿಡಿದುಕೊಂಡಳು. ಉಳಿದವರೆಲ್ಲ ಮಾಲತಿಯ ಗಂಡ ಭಾಸ್ಕರನಿಗೆ ಒಂದೊಂದು ಹೂವಿಟ್ಟು, ತಲೆಬಾಗಿ ಸರಿದಿದ್ದರು. ನೆರೆಮನೆಯ ಈ ಮುದುಕಿಯ ಮುಷ್ಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

“ಏನಿದೆ ಕೈಯಲ್ಲಿ?” ಮಾಲತಿ ಸ್ವೀಡಿಶ್‌ನಲ್ಲಿ ಕೇಳಿದಳು.

ಮುಷ್ಟಿ ಬಿಚ್ಚಿತು. ಕರಿ ಎಳ್ಳು.

ಹಿಂದಿನಿಂದ ಗೆಳತಿ ಲಾವಣ್ಯಾ ಉಸುರಿದಳು. “ನಾನ್ ಹೇಳ್ಲಿಲ್ವಾ ಅಕ್ಕಾ?”

*

ನಾರ್‌ಶೋಪಿಂಗ್‌ನ ಉಗ್ರಾಣವೊಂದರಲ್ಲಿ ಭಾಸ್ಕರನ ಕೆಲಸ. ಬಾಡಿಗೆ ಕಡಿಮೆಯೆಂದು ಕಿಲ್‌ಬ್ರೈಡ್ ಎಂಬ ಹಳ್ಳಿಗೆ ಹೆಂಡತಿಯನ್ನು ಕರೆತಂದಿದ್ದ. ಸ್ವೀಡನ್ನಿನ ಕಾಡಿನೊಳಗೆ ಐರಿಷ್ ಹೆಸರು ಹೇಗೆ ಬಂತೆಂದು ಇಂಗ್ರಿಡ್‌ಳನ್ನು ಕೇಳಿದ್ದೇ ಶುರು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಅವಳ ಹಿತ್ತಲಿಗೆ ಹೋಗುತ್ತಿದ್ದ. ಯಾಕೆಂದು ಕೇಳಿದರೆ, ಊರ ಹೆಸರಿನ ಕತೆ ಕೇಳಲಿಕ್ಕೆ ಎನ್ನುತ್ತಿದ್ದ. ಒಂದೇ ಕತೆಯನ್ನು ಎಷ್ಟು ಸಲ ಕೇಳುತ್ತಾರೆ? ಒಗೆಯಲು ತೆಗೆದ ಜಾಕೆಟ್ಟಿನ ಜೇಬಿನಲ್ಲಿ ಮಾಲತಿಗೆ ಕರಿ ಎಳ್ಳು ಸಿಕ್ಕಿತ್ತು.

“ಅಮಾವಾಸ್ಯೆ, ಎಳ್ಳು, ಒಂಟಿ ಹೆಂಗಸು,” ಎಂದಿದ್ದಳು ಫಿಕಾಕ್ಕೆ, ಅಂದರೆ ಇಲ್ಲಿಯ ಕಾಫಿ-ಬನ್ನಿನ ಹೊತ್ತಿಗೆ, ಬಂದ ಲಾವಣ್ಯಾ, ಬನ್ನು ಮುರಿಯುತ್ತ. “ಅಫೇರ್, ಇಲ್ಲಾಂದ್ರೆ ಮಾಟ.”

“ಅವಳಿಗೆ ಎಂಬತ್ತು ದಾಟಿದೆ ಕಣೇ.”

“ಹಾಗಾದ್ರೆ ಮಾಟಾನೇ.”

ಮಾಲತಿ ನಕ್ಕಿದ್ದಳು. ಆದರೆ ಅಂದಿನಿಂದ ಇಂಗ್ರಿಡ್ ಕಳಿಸಿದ ಜಾಮನ್ನು ರುಚಿ ನೋಡದೆ ಚೆಲ್ಲುತ್ತಿದ್ದಳು. ಭಾಸ್ಕರನ ಎದೆಬಡಿತ ನಿಂತದ್ದೂ ಅಮಾವಾಸ್ಯೆಯಂದೇ, ಆ ಹಿತ್ತಲಿನಲ್ಲೇ.

*

ಇಂಗ್ರಿಡ್ ಕೈ ಬಿಡಿಸಿಕೊಳ್ಳದೆ ಊರ ಹೆಸರಿನ ಕತೆ ಹೇಳಿದಳು. ಹಿಂದೆ ಐರ್ಲೆಂಡಿನಿಂದ ಬಂದ ನೂಲುವವಳೊಬ್ಬಳು ಆ ಹಿತ್ತಲಿನ ಗುಡಿಸಲಲ್ಲಿದ್ದಳಂತೆ. ಸಂಜೆಯಾದರೆ ಕಾಡಿನತ್ತ ನಿಂತು ತನ್ನೂರಿನ ಹೆಸರು ಕೂಗುತ್ತಿದ್ದಳಂತೆ. ಅವಳು ಸತ್ತಮೇಲೆ ಅವಳ ಹೆಸರು ಮರೆತುಹೋಯಿತು. ಅವಳ ಕೂಗೇ ಈ ಊರಿಗೆ ಹೆಸರಾಗಿ ಉಳಿಯಿತು. ಹಿತ್ತಲಿನಲ್ಲಿ ಅವಳನ್ನು ಹೂತಲ್ಲಿ ಒಂದು ಕಲ್ಲಿದೆ.

“ಎಳ್ಳುನೀರು ಬಿಡೋಕೆ ಅವಳಿಗೆ ಯಾರೂ ಇಲ್ಲ ಅಂತ ಭಾಸ್ಕರ ಬರ್ತಿದ್ದ,” ಎಂದಳು ಇಂಗ್ರಿಡ್. “ಹೆಸರು ಗೊತ್ತಿಲ್ಲದ್ದಕ್ಕೆ ಊರಿನ ಹೆಸರು ಹೇಳ್ತಿದ್ದ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ನಗ್ತೀಯ ಅಂತ.”

ಸತ್ತವನ ಮೇಲೆ ಯಾವ ಕತೆಯನ್ನಾದರೂ ಕಟ್ಟಬಹುದು. ಮಾಲತಿ ಹಿಡಿತ ಸಡಿಲಿಸದೆ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಇನ್ನೊಂದು ಕೈಯಲ್ಲಿ ಎತ್ತಿ ಆ ಎಳ್ಳಿನ ಮೇಲೆ ಸುರಿದಳು.

“ಬಿಡಿ. ನೋಡೋಣ.”

ಕತೆ ಸುಳ್ಳಾದರೆ ದೇವರಿಗೆ ಬಿಡುವಂತೆ ಬೆರಳ ತುದಿಯಿಂದ ಬಿಟ್ಟಾಳೆಂದು ಕಾದಳು. ಇಂಗ್ರಿಡ್ ಅಂಗೈಯನ್ನು ಬಲಕ್ಕೆ ವಾಲಿಸಿದಳು. ಮಾಲತಿಯ ಅಪ್ಪ ತನ್ನ ಹಿರಿಯರಿಗೆ ಬಿಡುತ್ತಿದ್ದಂತೆಯೇ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಎಳ್ಳುನೀರು ಹೂಗಳ ಮೇಲಿಳಿಯಿತು. ಮಣಿಕಟ್ಟನ್ನು ಹಿಡಿದಿದ್ದ ಮಾಲತಿಯ ಕೈ ಯಾವಾಗಲೋ ಅದರಡಿಗೆ ಜಾರಿ, ಕೊನೆಯ ಹನಿಯವರೆಗೂ ಆಸರೆಯಾಗಿತ್ತು.